ಎಲ್ಲರ ಉಸಿರಿನ ಮೇಲೂ ಸಂಶಯ

ನಾನು ಶಾಲೆ ಬಿಟ್ಟದ್ದು ೧೯೯೩ರಲ್ಲಿ, ಒಂಬತ್ತನೆಯ ತರಗತಿಯ ನಡುವೆ. ಇದನ್ನು ನಾನು ಯಾರಿಂದಲೂ ಮುಚ್ಚಿಟ್ಟವನಲ್ಲ. ಸ್ಪಾನರ್ ಹಿಡಿದವನ ಮಾರ್ಕ್ಸ್ ಕಾರ್ಡನ್ನು ಯಾವ ಇಂಜಿನ್ನೂ ಕೇಳುವುದಿಲ್ಲ. ಕೇಳಿದವರು ಲೋಕದಲ್ಲಿ ಒಬ್ಬರೇ, ನನ್ನ ಹೆಂಡತಿಯ ಅಣ್ಣ. ಹೆಣ್ಣು ನೋಡಲು ಹೋದ ದಿನ, ಕಾಫಿ ಲೋಟ ಕೈಗೆ ಕೊಡುತ್ತ ಮೆಲ್ಲಗೆ ಕೇಳಿದ್ದರು:

"ಶಾಲೆ ಬಿಟ್ಟದ್ದಾ, ಫೈಲಾದದ್ದಾ?"

"ಬಿಟ್ಟದ್ದು."

"ಟೀಸಿ ಉಂಟಾ?"

ಹೆಣ್ಣು ಕೊಡುವವರು ಜಾತಕ ಕೇಳುವುದುಂಟು, ಸಂಬಳ ಕೇಳುವುದುಂಟು. ಟೀಸಿ ತಂದು ತೋರಿಸಿ ಮದುವೆಯಾದ ಮದುಮಗ ನಾನೊಬ್ಬನೇ ಇರಬೇಕು. ಅದನ್ನೂ ಭಾವ ಕಿಟಕಿಯ ಬೆಳಕಿಗೆ ಹಿಡಿದರು. ಹೆಡ್ಮಾಸ್ಟರ ಸಹಿಯನ್ನು ಹೆಬ್ಬೆರಳಿನಿಂದ ಉಜ್ಜಿ ಶಾಯಿ ಏಳುತ್ತದೆಯೇ ಎಂದು ನೋಡಿದರು.

ಭಾವ ಕೆಟ್ಟವರಲ್ಲ. ನಂಬುವುದಿಲ್ಲ, ಅಷ್ಟೇ. ಯಾರನ್ನು ಎಂದು ಕೇಳುತ್ತೀರಾ? ಬಸ್ಸಿನ ಬೋರ್ಡನ್ನು ನಂಬದೆ ಡ್ರೈವರನ್ನು ಕೇಳುತ್ತಾರೆ, ಡ್ರೈವರನ್ನು ನಂಬದೆ ಪಕ್ಕದ ಸೀಟಿನವನನ್ನು ಕೇಳುತ್ತಾರೆ. ಪೂಜೆಗೆ ಕರೆದರೆ ಬರುತ್ತಾರೆ, ತೀರ್ಥ ಕೊಟ್ಟರೆ ಮೂಸಿಯೇ ಕುಡಿಯುತ್ತಾರೆ. ಅಷ್ಟು ಸಂಶಯವಿರುವ ಮನುಷ್ಯನಿಗೆ ದೇವರು ಎಂಥ ಕೆಲಸ ಕೊಟ್ಟ ನೋಡಿ. ವಾರದ ದಿನಗಳಲ್ಲಿ ಅವರು ಅಬುಧಾಬಿಯ ಖಾಲಿದಿಯಾದ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನೀಷಿಯನ್. ರೇಸ್ ಇರುವ ದಿನ ಡ್ರ್ಯಾಗ್ ಟ್ರ್ಯಾಕಿನಲ್ಲಿ ಡ್ರೈವರುಗಳು ಕುಡಿದಿದ್ದಾರೆಯೇ ಎಂದು ಊದಿಸಿ ನೋಡುವವರು. ನಾನೂ ಅದೇ ಟ್ರ್ಯಾಕಿನಲ್ಲಿ ಒಂದು ತಂಡದ ಮೆಕ್ಯಾನಿಕ್.

ಡ್ರ್ಯಾಗ್ ರೇಸ್ ಎಂದರೆ ಸುತ್ತು ಹೊಡೆಯುವುದಲ್ಲ. ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ, ಹಸಿರು ದೀಪ ಹತ್ತಿದ ಕೂಡಲೇ ನೇರ ರಸ್ತೆಯಲ್ಲಿ ಹಾರುತ್ತವೆ, ನೀವು ಸೀನಿ ಮುಗಿಸುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಆ ಹೊತ್ತಿನಲ್ಲಿ ಡ್ರೈವರನ ಕೈ ಕೂದಲೆಳೆಯಷ್ಟು ಅಲುಗಿದರೂ ಗೋಡೆ. ಆದ್ದರಿಂದ ಕಾರು ಹತ್ತುವ ಮೊದಲು ಎಲ್ಲರೂ ಭಾವನ ಯಂತ್ರಕ್ಕೆ ಊದಬೇಕು. ಸೊನ್ನೆ ಬಂದರೆ ಹೋಗಬಹುದು. ಸೊನ್ನೆಯ ಮೇಲೆ ಏನು ಬಂದರೂ ಆ ದಿನಕ್ಕೆ ಖಲಾಸ್.

ಭಾವನಿಗೆ ಈ ಕೆಲಸ ಟ್ರ್ಯಾಕಿನಲ್ಲೇ ಮುಗಿಯಬೇಕಲ್ಲ? ಮುಗಿಯುವುದಿಲ್ಲ. ಒಂದು ಕ್ರಿಸ್‌ಮಸ್ಸಿಗೆ ನಮ್ಮ ಪಕ್ಕದ ಮನೆಯ ಲಿಲ್ಲಿಬಾಯಿ ಕೇಕ್ ತಂದರು. ಮೂಡುಬಿದಿರೆ ಕಡೆಯವರು, ಆಸ್ಪತ್ರೆಯಲ್ಲಿ ನರ್ಸ್, ಕೇಕಿನಲ್ಲಿ ಎತ್ತಿದ ಕೈ. ಭಾವ ತಟ್ಟೆಯನ್ನು ಮೂಗಿನವರೆಗೆ ಎತ್ತಿದರು.

"ರಮ್ ಹಾಕಿದ್ದೀರಾ ಬಾಯಿ?"

"ಇಲ್ಲಪ್ಪ. ದ್ರಾಕ್ಷಿಯನ್ನು ಕಿತ್ತಳೆ ರಸದಲ್ಲಿ ನೆನೆಸಿದ್ದು."

"ಎಷ್ಟು ದಿನ?"

"ಎಂತ, ನಮ್ಮ ಕೇಕಿಗೆ ಪೊಲೀಸ್ ಎನ್‌ಕ್ವಯರಿಯಾ? ಸಂಶಯ ಉಂಟಾದರೆ ತಟ್ಟೆ ವಾಪಸ್ ಕೊಡಿ."

ಭಾವ ತಟ್ಟೆ ಕೊಡಲಿಲ್ಲ. ಚೀಲದಿಂದ ಯಂತ್ರ ತೆಗೆದು ನನ್ನ ಕಡೆ ತಿರುಗಿದರು. ನಮ್ಮಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು, ಬಹುವಚನದಲ್ಲೇ ಮಾತಾಡುವುದು, ಮರ್ಯಾದೆಗೆ ಕೊರತೆಯಿಲ್ಲ. "ಭಾವ, ನೀವು ಒಂದು ತುಂಡು ತಿನ್ನಿ. ತಿಂದು ಸ್ವಲ್ಪ ಊದಿ."

ತಿಂದೆ, ಊದಿದೆ. ಸೊನ್ನೆ ಬರಲಿಲ್ಲ, ಎರಡು ಬಂತು. ಲಿಲ್ಲಿಬಾಯಿ ಸೀಲಿಂಗ್ ಫ್ಯಾನ್ ನೋಡುತ್ತ, "ಒಂದು ಚಮಚ ಹಾಕಿದ್ದೇನೆ, ಪರಿಮಳಕ್ಕೆ" ಎಂದರು. ಭಾವ ಹದಿನೈದು ನಿಮಿಷ ನನ್ನನ್ನು ನೀರೂ ಕುಡಿಯದಂತೆ ಕೂರಿಸಿ ಮತ್ತೆ ಊದಿಸಿದರು. ಸೊನ್ನೆ. "ಹೊಟ್ಟೆಗೆ ಹೋದದ್ದು ಇಷ್ಟು ಬೇಗ ಇಳಿಯುದಿಲ್ಲ. ಇದು ಬರೀ ಬಾಯಿಯಲ್ಲಿದ್ದದ್ದು" ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: 'ಕೇಕ್, ಒಂದು ತುಂಡು, ಭಾವನ ಬಾಯಿ.' ಆಮೇಲೆ ತಾವು ಮೂರು ತುಂಡು ತಿಂದರು. ಆ ದಿನ ಅವರಿಗೆ ಡ್ಯೂಟಿ ಇರಲಿಲ್ಲವಂತೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಮಗಳು, "ಮಾಮಾ ಈಸ್ ಸೋ ವಿಯರ್ಡ್" ಎಂದಳು. ನಾನು ಗದರಿಸಲಿಲ್ಲ. ಸತ್ಯ ಹೇಳಿದ ಮಕ್ಕಳನ್ನು ಗದರಿಸಬಾರದು.

ಟ್ರ್ಯಾಕಿನಲ್ಲಿ ಅವರ ರೀತಿಯೇ ಬೇರೆ. ಮೊದಲು ಬೆಳಿಗ್ಗೆ ಏನು ತಿಂದೆ ಎಂದು ಕೇಳುತ್ತಾರೆ. ಉತ್ತರಕ್ಕಲ್ಲ, ಆ ನೆಪದಲ್ಲಿ ಹತ್ತಿರ ನಿಂತು ಮೂಸಲಿಕ್ಕೆ. ಊದ್ ಎಂಬ ಅರಬ್ಬರ ಅತ್ತರು ಬಳಿದುಕೊಂಡು ಬಂದವರನ್ನು ಗಾಳಿ ಬೀಸುವ ಕಡೆ ನಿಲ್ಲಿಸಿ ಐದು ನಿಮಿಷ ಒಣಗಿಸುತ್ತಾರೆ. ಊರಿನ ಅರಬ್ ಹುಡುಗರು ಅವರಿಗೆ 'ಖಶಮ್' ಎಂದು ಹೆಸರಿಟ್ಟಿದ್ದಾರೆ. ಖಶಮ್ ಎಂದರೆ ಅವರ ಮಾತಿನಲ್ಲಿ ಮೂಗು. ಭಾವನಿಗೆ ಅದು ಬಿರುದು ಬಂದಷ್ಟು ಖುಷಿ.

ಒಮ್ಮೆ ಒಬ್ಬ ಆಸ್ಟ್ರೇಲಿಯಾದ ಡ್ರೈವರ್, ದೊಡ್ಡ ಹೆಸರಿನವನು, ಊದಿದಾಗ ಸೊನ್ನೆಗಿಂತ ಮೇಲೆ ಬಂತು. ಹದಿನೈದು ನಿಮಿಷ ಬಿಟ್ಟು ನೋಡಿದರೂ ಅಷ್ಟೇ. ರಾತ್ರಿ ದುಬೈ ಹೋಟೆಲಿನಲ್ಲಿ ಕುಡಿದದ್ದು, ಅದು ನಿನ್ನೆಗೇ ಮುಗಿಯಿತು ಎಂದು ವಾದಿಸಿದ. ಕೊನೆಗೆ, "ನಾನು ಓಡಿಸುವುದು ಬರೀ ಆರು ಸೆಕೆಂಡು, ಅದಕ್ಕೆ ಇಷ್ಟೊಂದಾ?" ಎಂದು ನಕ್ಕ.

"ಸಾಯಲು ಅಷ್ಟು ಸಾಕು" ಎಂದು ಭಾವ ಅವನಿಗೆ ಅರ್ಥವಾಗುವ ಇಂಗ್ಲಿಷಿನಲ್ಲಿ ಹೇಳಿ ಕಾಗದಕ್ಕೆ ಸಹಿ ಹಾಕಿದರು.

ಇನ್ನು ಹಮದನ ಕಥೆಗೆ ಬರುತ್ತೇನೆ. ಹಮದ್ ನಮ್ಮ ತಂಡದ ಡ್ರೈವರ್, ಅಲ್ ಐನ್ ಊರಿನ ಹುಡುಗ. ಐದು ಹೊತ್ತಿನ ನಮಾಜು ತಪ್ಪಿಸುವವನಲ್ಲ. ಮಗ ರೇಸಿಗೆ ಇಳಿಯುವುದು ಅವನ ತಂದೆಗೆ ಸುತರಾಂ ಇಷ್ಟವಿರಲಿಲ್ಲ. ಕೆಟ್ಟ ಸಹವಾಸ, ಕುಡಿತ ಎಲ್ಲ ಅಲ್ಲೇ ಶುರುವಾಗುವುದು ಎಂದು ಅವರ ನಂಬಿಕೆ. ನಾಲ್ಕು ವರ್ಷ ಕಾಡಿದ ಮೇಲೆ ಆ ಮುದುಕರು ಮೊದಲ ಸಲ ನೋಡಲು ಬಂದಿದ್ದರು. ಬೇಲಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಕಾಲ ಬಳಿ ಗಹ್ವಾದ, ಅಂದರೆ ಅರಬ್ ಕಾಫಿಯ, ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದರು. ಅವರ ಕಣ್ಣೆದುರೇ, ಮಧ್ಯಾಹ್ನದ ಬಿಸಿಲಿನಲ್ಲಿ, ಹಮದ್ ಊದಿದ.

ಸೊನ್ನೆ ಬರಲಿಲ್ಲ.

ಹಮದ್ ಯಂತ್ರವನ್ನು ನೋಡಲಿಲ್ಲ, ತಂದೆಯನ್ನು ನೋಡಿದ. ಮುದುಕರು ಎದ್ದು ನಿಂತಿದ್ದರು. ಆಸ್ಟ್ರೇಲಿಯಾದವನಿಗೆ ಹೋದದ್ದು ಒಂದು ರೇಸು. ಈ ಹುಡುಗನಿಗೆ ಹೋಗುತ್ತಿದ್ದದ್ದು ಮನೆ.

ನಮ್ಮ ಮ್ಯಾನೇಜರ್, ತಿರುವಲ್ಲದ ಕಡೆಯ ಮಲಯಾಳಿ, ಭಾವನ ಕಿವಿಯ ಬಳಿ ಬಗ್ಗಿ ಹಿಂದಿಯಲ್ಲಿ ಪಿಸುಗುಟ್ಟಿದ: "ಸಾಬ್, ಈ ಹುಡುಗ ಕುಡಿಯುವವನಲ್ಲ, ನಿಮಗೂ ಗೊತ್ತು. ಸೊನ್ನೆ ಎಂದು ಬರೆದುಬಿಡಿ."

"ನನಗೆ ಹೇಗೆ ಗೊತ್ತು?" ಎಂದರು ಭಾವ.

ಆ ಕ್ಷಣ ನನಗೆ ಅವರ ಕುತ್ತಿಗೆ ಹಿಚುಕಬೇಕೆನ್ನಿಸಿತು. ಆದರೆ ಯಾರನ್ನೂ ನಂಬದ ಮನುಷ್ಯ ಯಂತ್ರವನ್ನು ಮಾತ್ರ ಯಾಕೆ ನಂಬುತ್ತಾನೆ? ಭಾವ ಮೊದಲು ತಾವೇ ಊದಿದರು, ಸೊನ್ನೆ. ಇನ್ನೊಂದು ಯಂತ್ರ ತೆಗೆದು ಹಮದನಿಂದ ಊದಿಸಿದರು, ಮೊದಲಿಗಿಂತ ಕಡಿಮೆ, ಆದರೂ ಸೊನ್ನೆಯಲ್ಲ. ಹದಿನೈದು ನಿಮಿಷ ಅವನನ್ನು ಯಾರೂ ಮುಟ್ಟಬಾರದು, ಅವನು ಏನೂ ಬಾಯಿಗೆ ಹಾಕಬಾರದು ಎಂದು ಗಡಿಯಾರ ನೋಡಿದರು. ಆಮೇಲೆ ನೇರವಾಗಿ ಬೇಲಿಯ ಬಳಿ ಹೋಗಿ, ಸಲಾಂ ಹೇಳಿ, ಆ ಹಿರಿಯರ ಫ್ಲಾಸ್ಕಿನ ಮುಚ್ಚಳ ತೆಗೆದು ಮೂಸಿದರು. ನಮ್ಮ ಮ್ಯಾನೇಜರ್ ಕಣ್ಣು ಮುಚ್ಚಿಕೊಂಡ.

ತಿರುಗಿ ಬಂದು ಹಮದನ ಮುಂದೆ ಕೂತರು. "ಊಟ ಆದ ಮೇಲೆ ನಿನ್ನ ಬಾಯಿಯ ಹತ್ತಿರ ಬಂದದ್ದೆಲ್ಲ ಹೇಳು."

ಖರ್ಜೂರ. ನೀರು. ಹೆಲ್ಮೆಟ್.

ಹೆಲ್ಮೆಟ್ ಎಂದಾಗ ನನ್ನ ಕೈ ಹಿಂದಿನ ಜೇಬಿಗೆ ಹೋಯಿತು. ಹೆಲ್ಮೆಟ್ಟಿನ ಒಳಗೆ ಬಾಯಿಗೆ ಎದುರಾಗಿ ಒಂದು ರಬ್ಬರ್ ಪಟ್ಟಿ ಇರುತ್ತದೆ. ಖರ್ಜೂರ ತಿಂದ ಬಾಯಿ ತಾಗಿ ಅದು ಅಂಟಂಟಾಗಿತ್ತು. ನಾನು ಕೊಳೆ ಸಹಿಸುವವನಲ್ಲ. ನಮ್ಮ ಕಾರು ಪೆಟ್ರೋಲಿನಲ್ಲಿ ಓಡುವುದಿಲ್ಲ, ಮೆಥನಾಲಿನಲ್ಲಿ ಓಡುತ್ತದೆ. ಅದೂ ಮದ್ಯಸಾರದ ಜಾತಿಯದೇ, ಆದರೆ ಕುಡಿಯುವುದಲ್ಲ, ವಿಷ. ಅಂಟು, ಗ್ರೀಸು ಏನಿದ್ದರೂ ಒಂದು ಒರೆಸಿಗೆ ಮಾಯ. ಚಿಂದಿಯನ್ನು ಅದರಲ್ಲಿ ಅದ್ದಿ ಒರೆಸಿ, ಹೆಲ್ಮೆಟ್ಟನ್ನು ನಾನೇ ಹಮದನ ಕೈಗೆ ಕೊಟ್ಟಿದ್ದೆ. ಅವನು ಅದನ್ನು ಹಾಕಿಕೊಂಡು, ಸೀಟು ಬೆಲ್ಟು ಸರಿನೋಡಲು ನಿಂತ ಕಾರಿನಲ್ಲಿ ಕೂತು, ಹತ್ತು ನಿಮಿಷ ಅದೇ ಗಾಳಿ ಉಸಿರಾಡಿದ್ದ.

ಆ ಚಿಂದಿ ಇನ್ನೂ ನನ್ನ ಹಿಂದಿನ ಜೇಬಿನಲ್ಲಿತ್ತು. ಎಸೆಯಬಹುದಿತ್ತು. ಯಾರೂ ನನ್ನನ್ನು ನೋಡುತ್ತಿರಲಿಲ್ಲ, ಭಾವನನ್ನು ಬಿಟ್ಟು. ಅವರು ಯಾವಾಗಲೂ ಮೊದಲು ನನ್ನನ್ನೇ ನೋಡುವುದು. ಈ ದೇಶಕ್ಕೆ ಬಂದಮೇಲೆ ನನ್ನ ಕೆಲಸದಲ್ಲಿ ತಪ್ಪು ಹುಡುಕಿದ ಒಬ್ಬ ಇಂಜಿನಿಯರನೂ ಇರಲಿಲ್ಲ. ಇದೊಂದು ಮಾತನ್ನು ನಾನು ಎಷ್ಟು ಜನರ ಎದುರು ಎದೆಯುಬ್ಬಿಸಿ ಹೇಳಿದ್ದೇನೋ ಲೆಕ್ಕವಿಲ್ಲ.

"ನಾನೇ ಒರೆಸಿದ್ದು ಭಾವ, ಮೆಥನಾಲಿನಲ್ಲಿ" ಎಂದು ಚಿಂದಿ ತೆಗೆದುಕೊಟ್ಟೆ.

ಭಾವ ಅದನ್ನು ಮೂಸಿದರು. ಹೆಲ್ಮೆಟ್ಟನ್ನೂ ಮೂಸಿದರು. "ಹದಿನೈದು ನಿಮಿಷ ಆಗ್ಲಿ" ಎಂದರು. ನನ್ನ ಮಾತನ್ನೂ ನಂಬಲಿಲ್ಲ!

ಹದಿನೈದು ನಿಮಿಷವಾಯಿತು. ಹಮದ್ ಊದಿದ. ಸೊನ್ನೆ. ಎರಡನೆಯ ಯಂತ್ರದಲ್ಲಿ ಊದಿದ. ಸೊನ್ನೆ. ರಕ್ತವನ್ನೂ ತೆಗೆದು ಕಳಿಸಿದರು, ನಾಳೆ ಯಾರೂ ಬಾಯಿ ತೆರೆಯಬಾರದೆಂದು. ಅದೂ ಆಮೇಲೆ ಶುದ್ಧವೆಂದೇ ಬಂತು. ಭಾವ ಯಂತ್ರವನ್ನು ಬೇಲಿಯವರೆಗೆ ಒಯ್ದು ಆ ತಂದೆಗೆ ತೋರಿಸಿದರು. ಮುದುಕರು ಬಹಳ ಹೊತ್ತು ಆ ಅಂಕೆಯನ್ನು ನೋಡಿದರು. ಆಮೇಲೆ ಮಗನ ತಲೆಯನ್ನು ಬೇಲಿಯ ಮೇಲಿನಿಂದಲೇ ಎಳೆದುಕೊಂಡು ಹಣೆಗೆ ಮುತ್ತಿಟ್ಟರು.

ಹಮದ್ ಎರಡನೆಯ ಸುತ್ತಿನಲ್ಲಿ ಸೋತ. ಆ ದಿನ ಅದು ಯಾರಿಗೂ ಲೆಕ್ಕಕ್ಕಿರಲಿಲ್ಲ.

ಭಾವ ವರದಿ ಬರೆದರು. ತಪ್ಪು ಯಾರದು ಎಂಬಲ್ಲಿ ನನ್ನ ಹೆಸರನ್ನು, ತಂದೆಯ ಹೆಸರು ಸಮೇತ, ಒಂದಕ್ಷರ ತಪ್ಪದೆ ಬರೆದರು. ಮುಂದಿನ ರೇಸಿಗೆ ನನ್ನ ಪಾಸ್ ರದ್ದಾಯಿತು. ನಾನು ಭಾವನ ಫೋನ್ ಎತ್ತುವುದನ್ನು ನಿಲ್ಲಿಸಿದೆ. ಮೂರನೆಯ ದಿನ ಹೆಂಡತಿ ಕೇಳಿದಳು:

"ಅಣ್ಣ ಬರೆದದ್ದು ಸುಳ್ಳಾ?"

"ಸುಳ್ಳಲ್ಲ."

"ಮತ್ತೆ ಎಂತಕ್ಕೆ ಈ ಮುಖ?"

ನಾನು ಹಾಲು ತರುತ್ತೇನೆಂದು ಚಪ್ಪಲಿ ಮೆಟ್ಟಿದೆ.

ಆ ಭಾನುವಾರ ಭಾವ ಹೇಳದೆ ಕೇಳದೆ ಮನೆಗೆ ಬಂದರು. ಒಂದು ಕೈಯಲ್ಲಿ ರಬ್ಬರ್ ಗ್ಲೌಸಿನ ಡಬ್ಬಿ, ಇನ್ನೊಂದು ಕಂಕುಳಲ್ಲಿ ಬಟ್ಟೆ ಸುತ್ತಿದ ಯಾವುದೋ ಹಲಗೆ. ಕೂರಲೂ ಇಲ್ಲ.

"ಭಾವ, ಆ ಮೆಥನಾಲನ್ನು ಬರಿಗೈಯಲ್ಲಿ ಎಷ್ಟು ವರ್ಷದಿಂದ ಮುಟ್ಟುದು ನೀವು?"

"ಒಂಬತ್ತು."

"ಒಂಬತ್ತು" ಎಂದು ಅವರೂ ಹೇಳಿದರು. ಗ್ಲೌಸಿನ ಡಬ್ಬಿಯನ್ನು ನನ್ನ ಮುಂದೆ ಇಟ್ಟರು. "ಅದು ಚರ್ಮದಿಂದಲೂ ಒಳಗೆ ಹೋಗ್ತದೆ. ಮೊದಲು ಹಿಡಿಯುದು ಕಣ್ಣನ್ನು. ನಾನು ಲ್ಯಾಬಿನವ. ಇಷ್ಟು ವರ್ಷ ನಿಮ್ಮ ಬಾಯಿ ಮೂಸಿದೆ, ಕೈ ನೋಡಲಿಲ್ಲ."

"ನನ್ನ ಕಣ್ಣಿಗೆ ಎಂತ ಆಗಿಲ್ಲ. ಲೈಸೆನ್ಸಿಗೆ ಕನ್ನಡಕದ ಅಂಗಡಿಯಲ್ಲಿ ಬೋರ್ಡು ಓದಿದ್ದೇನಲ್ಲ."

"ಆ ಇಂಗ್ಲಿಷ್ ಬೋರ್ಡು ಈ ಊರಿನ ಎಲ್ಲ ಡ್ರೈವರುಗಳಿಗೂ ಬಾಯಿಪಾಠ. ನಿಮಗೂ."

ಅದು ನಿಜವಾಗಿತ್ತು. ಅವರು ಬಟ್ಟೆ ಬಿಚ್ಚಿದರು. ಹಲಗೆಯಲ್ಲ, ಟಿವಿ ಬಂದ ರಟ್ಟಿನ ಪೆಟ್ಟಿಗೆಯ ಒಂದು ಬದಿ. ಅದರ ಮೇಲೆ ಬಿಳಿ ಕಾಗದ ಅಂಟಿಸಿ, ಸ್ಕೇಲು ಹಿಡಿದು, ಕಪ್ಪು ಶಾಯಿಯಲ್ಲಿ ಕನ್ನಡ ಅಕ್ಷರ ಬರೆದಿದ್ದರು. ಮೇಲೆ ಅಂಗೈಯಷ್ಟು ದೊಡ್ಡ ಒಂದು 'ಳ', ಕೆಳಗೆ ಬರುತ್ತ ಬರುತ್ತ ಸಣ್ಣದಾಗುವ ಸಾಲುಗಳು, ಕೊನೆಯ ಸಾಲು ಇರುವೆಯ ಗಾತ್ರ. ಎಲ್ಲೂ ವರ್ಣಮಾಲೆಯ ಕ್ರಮವಿಲ್ಲ, ಎಲ್ಲೂ ಒಂದು ಪದವಾಗುವುದಿಲ್ಲ. ನಾನು ಊಹಿಸಿ ಹೇಳದಂತೆ ಅಷ್ಟು ಎಚ್ಚರ ವಹಿಸಿದ್ದರು.

ಹೆಂಡತಿ ರಟ್ಟು ಹಿಡಿದು ಆ ತುದಿಯ ಗೋಡೆಗೆ ನಿಂತಳು. ನಾನು ಎಡಗಣ್ಣು ಮುಚ್ಚಲು ಕೈ ಎತ್ತಿದೆ.

"ಬೇಡ. ನೀವು ಬೆರಳಿನ ಸಂದಿಯಲ್ಲಿ ನೋಡಿದರೆ?" ಎಂದು ಭಾವ ತಮ್ಮ ಅಂಗೈಯಿಂದಲೇ ನನ್ನ ಕಣ್ಣು ಮುಚ್ಚಿದರು. "ಓದಿ."

ಓದಿದೆ. ಬಲಗಣ್ಣಿನಲ್ಲಿ ಕೊನೆಯ ಸಾಲಿನವರೆಗೆ, ಆಮೇಲೆ ಎಡಗಣ್ಣಿನಲ್ಲಿ. ಹಿಂದಿನಿಂದ ಮುಂದಕ್ಕೆ ಓದಿ ಎಂದರು, ಓದಿದೆ. ಮಗಳು ಹತ್ತಿರ ಹೋಗಿ ಒಂದೊಂದನ್ನೇ ಬೆರಳಿಟ್ಟು, "ಕರೆಕ್ಟ್, ಕರೆಕ್ಟ್" ಎನ್ನುತ್ತಿದ್ದಳು. ಎಲ್ಲ ಮುಗಿದರೂ ಭಾವನ ಅಂಗೈ ನನ್ನ ಕಣ್ಣಿನ ಮೇಲಿಂದ ಏಳಲಿಲ್ಲ. ನಾನೂ ತೆಗೆಯಿರಿ ಎನ್ನಲಿಲ್ಲ.

"ಬುಧವಾರ ಕಣ್ಣಿನ ಡಾಕ್ಟರಿಗೆ ಹೇಳಿದ್ದೇನೆ" ಎಂದರು ಕೊನೆಗೆ. "ನಾನು ಬರೆದ ಬೋರ್ಡನ್ನು ಹೇಗೆ ನಂಬುದು?"

ಡಾಕ್ಟರೂ ನೋಡಿ ಸರಿಯಿದೆ ಎಂದರು. ಈಗ ನನ್ನ ಬಳಿ ಇರುವುದು ಎರಡು ಕಣ್ಣು, ಹತ್ತು ಬೆರಳು, ಡಬ್ಬಿಯಲ್ಲಿ ಉಳಿದ ಅರವತ್ತೆರಡು ಗ್ಲೌಸು, ವಾಪಸ್ ಬಂದ ಒಂದು ಪಾಸ್, ಹೆಂಡತಿ, ಮಗಳು, ಒಬ್ಬ ಭಾವ.