ಸಕ್ಕರೆ ಅನುದಾನವೂ ನಲವತ್ತು ಹಾಜರಿಯೂ

ಸಂಶೋಧನೆ ಎಂದರೆ ನಾವು ಊರನ್ನು ಪರೀಕ್ಷೆ ಮಾಡುವುದು ಎಂದು ಕಾಗದದಲ್ಲಿ ಬರೆದಿರುತ್ತದೆ. ಬೀಳಗಿ ಕಡೆ ಹೋದರೆ ಅದು ಪ್ರತಿ ಸಲವೂ ತಿರುಗಾಮುರುಗಾ ಆಗುತ್ತದೆ.

ಆಗ ನಾನು ಜಮಖಂಡಿಯ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತಿದ್ದೆ. ಬೀಳಗಿ ಕಡೆ ದವಾಖಾನೆ ನಡೆಸುತ್ತಿದ್ದ, ಮಂದಿ ಗೌರವದಿಂದ 'ಬಾಯಾರು' ಎನ್ನುತ್ತಿದ್ದ ಒಬ್ಬ ತರುಣಿ ಡಾಕ್ಟರ್‌ಬಾಯಿಗೆ, ಹೊಸ ಸಂಶೋಧಕರಿಗೆಂದು ಕೊಡುವ ಸಣ್ಣ ಅನುದಾನ ಸಿಕ್ಕಿತು. ಹೊಸಬರ ಮೇಲೆ ಕಣ್ಣಿಡಲು ಒಬ್ಬ ಹಿರಿಯ ಬೇಕೆಂಬ ನಿಯಮವಿತ್ತು. ಆ ಹಿರಿಯ ನಾನಾದೆ. ನಾವು ಆರಿಸಿಕೊಂಡ ಊರು ಡ್ಯಾಮಿನ ನೀರಿಗೆ ಮುಳುಗಿ, ಮಂದಿ ಹೊಸ ಪ್ಲಾಟುಗಳಿಗೆ ಬಂದಿದ್ದರು. ಮೊದಲು ಹೊಲಕ್ಕೆ ನಡೆದು ಹೋಗುತ್ತಿದ್ದವರು ಈಗ ಕಟ್ಟೆಯ ಮೇಲೆ ಕೂತಿದ್ದರು. ಅವರನ್ನು ದಿನಾ ಮೂರು ಮೈಲಿ ನಡೆಸಿದರೆ ರಕ್ತದ ಸಕ್ಕರೆ ಇಳಿಯುತ್ತದೆಯೇ? ಇದು ಬಾಯಾರ ಪ್ರಶ್ನೆ. ನಲವತ್ತು ಮಂದಿಯನ್ನು ಒಂದು ವರ್ಷ ಬಿಡದೆ ಹಿಡಿದಿಟ್ಟರೆ ದೊಡ್ಡ ಅನುದಾನ. ಇಲ್ಲದಿದ್ದರೆ ಅವರ ಸಂಶೋಧನೆ ಅಲ್ಲಿಗೇ ಮುಗಿಯಿತು.

೧. ಇಲ್ಲದವರ ಪಟ್ಟಿ

ಅರ್ಧ ಮಂದಿ ಕಾಯಿಲೆ (ಊರಿನ ಮಾತಿನಲ್ಲಿ ಜಡ್ಡು) ಇದ್ದವರು, ಅರ್ಧ ಮಂದಿ ಹೋಲಿಕೆಗೆಂದು ಇಲ್ಲದವರು. ಪಟ್ಟಿ ಓದಿದ ಮರುದಿನ ಬೆಳಿಗ್ಗೆ ಒಬ್ಬ ಗೌಡರು ದವಾಖಾನೆಗೆ ಬಂದರು.

"ಬಾಯಾರ, ನನ್ನ ಹೆಸರು ಇಲ್ಲದವರಾಗ ಹಾಕೀರಿ?"

"ಹೌದ್ರಿ ಗೌಡ್ರ. ನಿಮಗ ಸಕ್ಕರಿ ಇಲ್ಲ. ಖುಷಿ ಪಡ್ರಿ."

"ನಮ್ಮ ಬೀಗರಿಗೆ ಐತಿ ಅಂದ್ರಿ."

"ಅವರಿಗೆ ಐತಿ."

ಗೌಡರು ಕುರ್ಚಿ ಎಳೆದುಕೊಂಡು ಕೂತರು. "ಅಂವಗ ನಾಕ ಎಕರೆ ಒಣಭೂಮಿ. ನನಗ ಹದಿನಾರು ಎಕರೆ ಕಬ್ಬು. ಅಂವಗ ಬಂದದ್ದು ನನಗ ಬಂದಿಲ್ಲಂದ್ರ ಮಂದ್ಯಾಗ ನಾ ಹೆಂಗ ಮಾರಿ ತೋರಸ್ಲಿ?"

ಇದು ಮಾನದ ಪಟ್ಟಿಯಲ್ಲ, ರಕ್ತದ ಪಟ್ಟಿ, ಬದಲಾಯಿಸಲು ಬರುವುದಿಲ್ಲ ಎಂದು ನಾನು ಖಡಕ್ಕಾಗಿ ಹೇಳಿದೆ. ಗೌಡರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಆರು ತಿಂಗಳ ಟೈಮ್ ಕೊಡ್ರಿ ಬಾಯಾರ," ಎಂದರು. "ತರಿಸ್ಕೊಂಡ ಬರ್ತೇನಿ."

೨. ಒಂದೂವರೆ ರೊಟ್ಟಿ

ದಿನಾ ತಿಂದದ್ದನ್ನು ಬರೆದಿಡಲು ಎಲ್ಲರಿಗೂ ಒಂದೊಂದು ನೋಟುಬುಕ್ಕು ಕೊಟ್ಟೆವು. ತಿಂಗಳ ಕೊನೆಗೆ ನಲವತ್ತೂ ವಾಪಸು ಬಂದವು. ಒಂದು ಕಾಲಂ ಖಾಲಿ ಇಲ್ಲ, ಒಂದು ಚಿತ್ತು ಇಲ್ಲ. ಎರಡನೆಯ ಪುಸ್ತಕ ತೆರೆದಾಗ ಅಕ್ಷರ ಎಲ್ಲೋ ನೋಡಿದಂತೆ ಅನಿಸಿತು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಖಾತ್ರಿಯಾಯಿತು. ಸೋಮವಾರ ಇಡೀ ಊರು ಒಂದೂವರೆ ರೊಟ್ಟಿ, ಮೆಂತೆಪಲ್ಲೆ, ಒಂದು ಲೋಟ ಮಜ್ಜಿಗೆ. ಮಂಗಳವಾರ ಇಡೀ ಊರು ಒಂದೂವರೆ ರೊಟ್ಟಿ, ಹೆಸರುಕಾಳು. ಲಗ್ನದ ಮನೆಯವರೂ ಹೋಳಿಗೆ ತಿಂದಿರಲಿಲ್ಲ.

ಬರೆದವರು ಊರಿನ ನಿವೃತ್ತ ಸಾಲಿ ಮಾಸ್ತರರು. ನಾನು ಅವರ ಮನೆಗೇ ಹೋಗಿ ಕೇಳಿದೆ. "ಮಾಸ್ತರ, ಇದು ಖರೇನ?"

"ಕೈಬರಹ ಚಂದ ಐತಿಲ್ರೀ?"

"ನಾ ಕೇಳಿದ್ದು, ಅವರು ತಿಂದದ್ದು ಇದೇ ಏನು?"

ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಲ್ಲಿ ಒರೆಸಿಕೊಂಡರು. "ತಿಂದದ್ದ ಬರದಿದ್ರ ಒಬ್ಬರೂ ಪಾಸ್ ಆಗತಿರಲಿಲ್ರಿ."

೩. ಮಾತು ಮೀರದ ಅಜ್ಜಿ

ಮನೆ ಮನೆಗೆ ಹೋಗಿ ವಿಚಾರಿಸುವುದು ಬಾಯಾರ ಕೆಲಸ. ಹೋದಲ್ಲೆಲ್ಲ ಚಹಾ. ಬೇಡವೆಂದರೆ ಮನೆಯವರ ಮೋರೆ ಬಾಡುತ್ತದೆ. ಬಾಯಾರು ಒಂದು ಮನೆಯಲ್ಲಿ ಕೈಮುಗಿದು, "ಅಜ್ಜಿ, ಸಕ್ಕರಿ ಇಲ್ಲದ್ದ ಕೊಡ್ರಿ," ಎಂದರು.

ಅಜ್ಜಿ ಕಪ್ಪು ತಂದಿಟ್ಟಳು. "ಒಂದ ಕಾಳ ಸಕ್ಕರಿ ಹಾಕಿಲ್ರಿ, ನಿಮ್ಮ ಮಾತ ನಾ ಮೀರಂಗಿಲ್ಲ. ಮಹಾಲಿಂಗಪುರದ ಬೆಲ್ಲ ಹಾಕೇನಿ."

೪. ನೂರಕ್ಕೆ ನೂರು

ವರ್ಷದ ಕೊನೆಗೆ ಅನುದಾನ ಸಮಿತಿಯ ಮೂವರು ಊರಿಗೆ ಬಂದರು. ನಮ್ಮ ಹಾಜರಿ ಪುಸ್ತಕ ನೋಡಿ ಹುಬ್ಬೇರಿಸಿದರು. ಮೂರು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ನಡೆದಿತ್ತು. ನಲವತ್ತರಲ್ಲಿ ಒಬ್ಬರೂ ಒಂದು ಸಲವೂ ತಪ್ಪಿಸಿರಲಿಲ್ಲ. ಎಲ್ಲಿಯೂ ಹೀಗಾಗುವುದಿಲ್ಲ ಎಂದರು ಅಧ್ಯಕ್ಷರು. ಶಿಸ್ತು ಎಂದೆ ನಾನು. ಫಲಿತಾಂಶದ ಮೇಲೆ ಪ್ರಭಾವ ಬೀಳಬಾರದೆಂದು, ರಕ್ತ ತೆಗೆಯುವ ದಿನ ಬಾಯಾರು ಊರೊಳಗೆ ಕಾಲಿಡಬಾರದು ಎಂಬ ನಿಯಮವೂ ನನ್ನದೇ. ಲ್ಯಾಬಿನವ ಹೆಸರು ಕೂಗುತ್ತಿದ್ದ, "ಹಾಜರ್" ಎಂದವರ ತೋಳು ಹಿಡಿಯುತ್ತಿದ್ದ.

ಎಲ್ಲಕ್ಕಿಂತ ಚೆನ್ನಾಗಿ ಸಕ್ಕರೆ ಇಳಿದಿದ್ದವನು ಒಬ್ಬ ಅಜ್ಜ. ಅವನನ್ನು ನೋಡಬೇಕೆಂದರು ಅಧ್ಯಕ್ಷರು. ಅಜ್ಜ ರುಮಾಲು ಸುತ್ತಿಕೊಂಡು ಬಂದ.

"ಏನ್ ಅಜ್ಜಾರ, ಸಕ್ಕರಿ ಭಾಳ ಇಳಿಸೀರಿ," ಎಂದೆ ನಾನು.

"ನಂದಲ್ರಿ, ಅಳಿಯಂದು."

"ಅಂದ್ರ?"

"ಕಡೀ ಸಲ ರಕ್ತ ತಗೋವಾಗ ನಾ ಮಗಳ ಮನಿಗೆ ರಬಕವಿಗೆ ಹೋಗಿದ್ನಿ. ಅಳಿಯ ಇಲ್ಲಿ ಹೊಲ ನೋಡಾಕ ಬಂದಿದ್ದ. ನನ್ನ ಹೆಸರ ಕೂಗಿದ್ರು, ಅಂವ ಹಾಜರ್ ಅಂದ. ರಕ್ತಾನೂ ಕೊಟ್ಟ."

ಹಾಗೆ ಮಾಡಬಹುದೇ ಎಂದು ಕೇಳಿದೆ.

"ಮುಳುಗಡಿ ಸರ್ವೇ ಟೈಮಿನಾಗ ಹಂಗ ಇತ್ತಲ್ರೀ ಸರ್. ಹೆಸರ ಕೂಗಿದಾಗ ಮನ್ಯಾಗಿನ ಯಾರರೆ ಒಬ್ಬರು ಹಾಜರ್ ಅನಬೇಕು. ಇಲ್ಲಾಂದ್ರ ಹೆಸರು ಹೊಡದು ಹಾಕ್ತಾರ, ಪ್ಲಾಟ್ ಹೋತು. ಬಾಯಾರ ಪಟ್ಟ್ಯಾಗ ಊರಿನ ಒಂದ ಹೆಸರೂ ಹೋಗಬಾರದಂತ ಎಲ್ಲಾರೂ ಮಾತಾಡಕೊಂಡೀವ್ರಿ."

ಯಾರೂ ಕೇಳುವ ಮೊದಲೇ ಬಾಯಾರು ಎದ್ದು, ಕೆಂಪು ಪೆನ್ನು ತೆಗೆದು, ತಮ್ಮ ವರದಿಯ ಅತ್ಯುತ್ತಮ ಪುಟಕ್ಕೆ ಮೇಲಿಂದ ಕೆಳಗಿನವರೆಗೆ ಗೀಟು ಹಾಕಿದರು. "ಉಳಿದ ಮೂವತ್ತೊಂಬತ್ತನ್ನೂ ಮನಿಮನಿಗೆ ಹೋಗಿ ಕೇಳ್ತೇನ್ರಿ. ಬ್ಯಾರೆಯವರ ರಕ್ತ ಇದ್ದದ್ದನ್ನೆಲ್ಲ ಹೊಡದು ಹಾಕ್ತೇನಿ," ಎಂದರು. ವರ್ಷವಿಡೀ ಅವರ ಅಲ್ಪವಿರಾಮಗಳನ್ನೂ ತಿದ್ದಿದ್ದ ನನಗೆ ತಿದ್ದಲು ಏನೂ ಸಿಗಲಿಲ್ಲ.

ಅಧ್ಯಕ್ಷರು ಗೀಟು ಬಿದ್ದ ಪುಟವನ್ನು ತಮ್ಮ ಕಡೆ ಎಳೆದುಕೊಂಡರು. "ಎಡವುವುದು ಎಲ್ಲಿ ಅಂತ ತಿಳಿಯಲಿಕ್ಕೇ ಸಣ್ಣ ಅನುದಾನ ಕೊಡುವುದು," ಎಂದರು. "ದೊಡ್ಡದಕ್ಕೆ ನಾನು ಸಹಿ ಮಾಡುತ್ತೇನೆ. ಮುಂದಿನ ಸಲ ಹೆಸರಿನ ಜೊತೆ ಫೋಟೋ ಅಂಟಿಸಿ." ಆಮೇಲೆ ಅಜ್ಜನ ಕಡೆ ತಿರುಗಿದರು.

"ರಕ್ತ ಅಳಿಯ ಕೊಟ್ಟ. ದಿನಾ ಮೂರು ಮೈಲಿ ನಡೆದದ್ದಾದರೂ ನೀವೇನಾ?"

"ಅದಕ್ಕ ಹಿರೇಮಗನ್ನ ಹಚ್ಚಿದ್ನಿರಿ. ಛಲೋ ನಡೀತಾನ."

"ಹಂಗಾದರೆ ಇದರಲ್ಲಿ ನಿಮ್ಮದು ಏನು?"

ಅಜ್ಜನಿಗೆ ಆ ಪ್ರಶ್ನೆ ಸ್ವಲ್ಪ ಬೇಸರ ತಂದಂತೆ ಕಂಡಿತು.

"ಜಡ್ಡು ನಂದಲ್ಲೇನ್ರಿ?"