ರೋಮಿಗೆ ಹಿಡಿದ ಟೇಪು

ನನ್ನ ಕಾಕಾ ಇಡೀ ರೋಮ್ ನಗರವನ್ನು ಏಳು ಗಂಟೆಯಲ್ಲಿ ಪಾಸು ಮಾಡಿದವರು! ಏಳೋ, ಒಂಬತ್ತೋ? ಖಚಿತವಿಲ್ಲ. ನನ್ನ ನೆನಪಿನಲ್ಲಿ ಅಂದು ಮಳೆ. ಉಳಿದಿರುವ ಒಂದೇ ಫೋಟೋದಲ್ಲಿ ಕಾಕಾ ಕೊಡೆ ಹಿಡಿದಿದ್ದಾರೆ ನಿಜ, ಆದರೆ ಅವರು ಬಿಸಿಲಿಗೂ ಹಿಡಿಯುವವರು. ಹೀಗಾಗಿ ಆ ಸಾಕ್ಷಿಯೂ ಬಿತ್ತು. ವಿಶ್ವವಿದ್ಯಾಲಯ ನನಗೆ ಸಂಶಯಪಡುವುದನ್ನು ಚೆನ್ನಾಗಿ ಕಲಿಸಿದೆ. ನೀವೂ ಇದನ್ನು ಅರ್ಧ ನಂಬಿದರೆ ಸಾಕು.

ಆಗ ನಾನು ಜರ್ಮನಿಯಲ್ಲಿ ಓದುತ್ತಿದ್ದೆ. ಕಾಕಾ ಮರಾಠಿ ನಾಡಿನ ಚಾಕಣದಲ್ಲಿ ವಾಹನಗಳ ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಕರು. ಹೊಸ ಯಂತ್ರದ ತರಬೇತಿಗೆಂದು ಅವರನ್ನು ನಾನಿದ್ದ ಊರಿಗೇ ಹತ್ತು ದಿನ ಕಳಿಸಿದರು. ರಜೆ ಒಂದೇ ಭಾನುವಾರ. ಬೆಳಗಿನ ಅಗ್ಗದ ವಿಮಾನದಲ್ಲಿ ಇಬ್ಬರೂ ರೋಮಿಗೆ ಹೋಗಿ, ಸಂಜೆಯ ಅಗ್ಗದ ವಿಮಾನದಲ್ಲಿ ವಾಪಸು ಎಂದಾಯಿತು.

ರೋಮಿನ ಹುಚ್ಚು ಕಾಕಾನದಲ್ಲ, ಅವರ ಹೆಂಡತಿ, ನನ್ನ ಕಾಕುವಿನದು. ಮೂವತ್ತು ವರ್ಷ ಶಾಲೆಯಲ್ಲಿ ಇತಿಹಾಸ ಕಲಿಸಿ, ಬೋರ್ಡಿನ ಮೇಲೆ ರೋಮ್ ಬರೆದು ಒರೆಸಿದವರು. ಆದರೆ ಮೊಣಕಾಲು ನೋವು. ಕೋಥರೂಡದಲ್ಲಿರುವ ಅವರ ಮನೆಯ ಲಿಫ್ಟಿಲ್ಲದ ಮೂರನೇ ಮಹಡಿಯಿಂದ ಇಳಿದರೆ ಮತ್ತೆ ಹತ್ತುವ ಚಿಂತೆ. "ನನ್ನ ಕೈಲೆ ಆಗೂದಿಲ್ರಿ. ನೀವರ ನೋಡಿ ಬರ್ರಿ" ಎಂದು ಕಳಿಸಿದ್ದರು.

ಕಾಕಾ ನೋಡಿದ ರೀತಿ ಹೇಳಬೇಕು. ಕಾರ್ಖಾನೆಗೆ ಸಾವಿರ ಬೋಲ್ಟು ಬಂದರೆ ಸಾವಿರವನ್ನೂ ಅಳೆಯುತ್ತಾರೆಯೆ? ಸ್ಯಾಂಪಲ್ಲಿಗೆ ನಾಲ್ಕು ತೆಗೆದು ಅಳೆದರೆ ಆಯಿತು, ಸರಿಯಿದ್ದರೆ ಇಡೀ ಲಾಟ್, ಅಂದರೆ ಪೆಟ್ಟಿಗೆಯೇ, ಪಾಸು. ಬ್ರೇಕಿನ ಭಾಗಗಳನ್ನು ಮಾತ್ರ ಒಂದೊಂದಾಗಿ ಅಳೆಯಬೇಕಂತೆ, ಜೀವದ ಪ್ರಶ್ನೆ. ರೋಮಿಗೂ ಅದೇ ನಿಯಮ!

ಮೊದಲ ಚರ್ಚಿನಲ್ಲಿ ಒಂದು ಕಂಬ ತಟ್ಟಿ "ಓಕೆ" ಎಂದರು. ಎರಡನೆಯದರ ಮುಂದೆ ನಾನು ನಿಂತೆ.

"ಕಾಕಾ, ಇದು ಇನ್ನೂ ಚಲೋ ಅದ ಅಂತ್ರಿ."

"ಲೇ ತಮ್ಮಾ, ಲಾಟ್ ಪಾಸಾಗ್ಯದ. ನಡಿ!"

ಕೊಲೋಸಿಯಮ್ ಎದುರು ಕೈಕಟ್ಟಿ ನಿಂತರು. "ಅರ್ಧಾ ಬಿದ್ದದಲ್ಲೋ. ರಿಜೆಕ್ಟ್."

"ಎರಡು ಸಾವಿರ ವರ್ಷ ಆತ್ರಿ ಕಾಕಾ!"

"ಹಂಗಾರ ವಾರಂಟಿ ಮುಗದದ. ಇರ್ಲಿ, ಪಾಸ್."

ಮಧ್ಯಾಹ್ನ ಕಾರಂಜಿಯೊಂದರ ಬಳಿ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಬಿಚ್ಚಿದರು. ಇಟಲಿಗೆ ಬಂದು ಪಿಜ್ಜಾ ತಿನ್ನಬಾರದೆ ಎಂದು ಗೋಗರೆದೆ. "ಪಿಜ್ಜಾ ಕೋಥರೂಡದಾಗೂ ಸಿಗ್ತದ. ಕಟಕ ರೊಟ್ಟಿ ಇಲ್ಲೆ ಸಿಗ್ತದೇನು?" ಪದವಿಯನ್ನು ಬದಿಗಿಟ್ಟು ನಾನೂ ರೊಟ್ಟಿ ಮುರಿದೆ.

ವಿಚಿತ್ರವೆಂದರೆ ಮೆಟ್ಟಿಲು ಕಂಡಲ್ಲೆಲ್ಲ ಈ ಅವಸರ ಮಾಯ! ಜೇಬಿನಿಂದ ಟೇಪು ಬರುತ್ತಿತ್ತು. ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ಅಳೆದು ಡೈರಿಯಲ್ಲಿ ಬರೆದುಕೊಳ್ಳುವರು.

"ಇಲ್ಲೆ ಸ್ಯಾಂಪಲ್ ಇಲ್ಲೇನ್ರಿ?"

"ಸುಮ್ನ ಟೇಪ್ ಹಿಡಿ."

ಆ ಊರಿನ ಹೆಸರಾಂತ ದೊಡ್ಡ ಮೆಟ್ಟಿಲುಸಾಲಿನಲ್ಲಿ ಕೂರುವಂತಿಲ್ಲ. ಪೊಲೀಸ ಸೀಟಿ ಊದಿದ. ಮನೆಯ ಹೊಸ್ತಿಲು ದಾಟಿದರೆ ಮರಾಠಿ ಎಂಬುದು ಕಾಕಾನ ಹಳೆಯ ರೂಢಿ. ರೋಮ್ ಕೂಡ ಹೊಸ್ತಿಲಾಚೆಯೇ ತಾನೆ? "ಏಕ್ ಮಿನಿಟ್, ಸಾಹೇಬ!" ಎಂದರು. ಪೊಲೀಸ ಒಂದು ನಿಮಿಷ ಕಾದ ಎಂದು ನನ್ನ ನೆನಪು. ಇದನ್ನು ನಾನೇ ನಂಬುವುದಿಲ್ಲ.

ಕಳೆದ ತಿಂಗಳು ಕೋಥರೂಡದಲ್ಲಿ ಚಹಾ ಕುಡಿಯುತ್ತಿದ್ದಾಗ, ಈಗ ನಿವೃತ್ತರಾಗಿರುವ ಕಾಕಾ ಘೋಷಿಸಿದರು: "ಈಕೀನ್ನ ರೋಮಿಗೆ ಕರ್ಕೊಂಡ ಹೋಗಾಂವ."

"ಕಾಕಾ, ಅಲ್ಲೆ ಬರೇ ಪಾವಟಿಗಿರಿ! ಕಾಕು ಹೆಂಗ ಹತ್ತತಾರ?" ಎಂದೆ. ವಿದ್ಯಾವಂತನಲ್ಲವೆ, ಅಡ್ಡಬಾಯಿ ಹಾಕದಿದ್ದರೆ ಹೇಗೆ!

ಕಾಕು ನನ್ನತ್ತ ತಿರುಗಿದರು. "ನೀ ಹೋಗಿದ್ದೆಲ್ಲೊ ಅಪ್ಪಿ. ಖರೇ ಹೇಳು. ನನಗ ಆಗ್ತದೇನು?"

ನನಗೆ ಒಂದು ಮೆಟ್ಟಿಲಿನ ಎತ್ತರವೂ ನೆನಪಾಗಲಿಲ್ಲ. ಟೇಪಿನ ತುದಿ ಹಿಡಿದವನು ನಾನೇ!

ಕಾಕಾ ಒಳಗೆ ಹೋಗಿ ಹಳೆಯ ಡೈರಿ ತಂದು ಕಾಕುವಿನ ಮುಂದಿಟ್ಟರು. ಚರ್ಚಿಲ್ಲ, ಕಾರಂಜಿಯಿಲ್ಲ. ಪ್ರತಿ ಮೆಟ್ಟಿಲಿನ ಎತ್ತರ, ಎಲ್ಲಿ ಹಿಡಿಯಲು ಕಂಬಿಯಿದೆ, ಎಲ್ಲಿ ಕೂರಲು ಕಟ್ಟೆಯಿದೆ. ಕೊನೆಗೆ ಒಂದು ಸಾಲು: "ನಮ್ಮ ಬಿಲ್ಡಿಂಗಿನ ಪಾವಟಿಗಿ ೧೭೫ ಮಿ.ಮೀ. ಇಲ್ಲೆ ಅಳದದ್ದೆಲ್ಲಾ ಅದಕ್ಕಿಂತ ಕಡಿಮಿ. ಆಕಿ ಹತ್ತತಾಳ."

ಕಾಕು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೂತರು. ನಾನು ಟೇಪು ಕೇಳಿ ಪಡೆದು ಕೆಳಗಿಳಿದೆ. ರೋಮಿನ ಲೆಕ್ಕ ನನ್ನ ಕೈಗೆಟುಕದು, ಈ ಬಿಲ್ಡಿಂಗಿನದಾದರೂ ಎಟುಕುತ್ತದೆ. ತಳದಿಂದ ಮೂರನೇ ಮಹಡಿಯವರೆಗೆ ಒಂದೊಂದನ್ನೂ ಅಳೆದೆ, ಸ್ಯಾಂಪಲ್ ತೆಗೆಯಲಿಲ್ಲ.

ಪ್ರತಿಯೊಂದೂ ನೂರಾ ಎಪ್ಪತ್ತೈದು ಮಿಲಿಮೀಟರ್.