ಎರಡು ಕಲ್ಲಿನ ಕಂಪ್ಯೂಟರ್

ಹೊಟ್ಟೆಪಾಡಿಗೆಂದು ಹಿಡಿದ ಕೆಲಸ ನಾಲ್ಕಾರು ವರ್ಷದಲ್ಲಿ ಮೈಗೇ ಹತ್ತಿಬಿಡುತ್ತದೆ. ನನಗೆ ಗೊತ್ತಿರುವ ದರ್ಜಿಯೊಬ್ಬ ಅಕ್ಷತೆ ಹಾಕುವಾಗಲೂ ಮದುಮಗನ ಕೋಟಿನ ತೋಳು ಅರ್ಧ ಇಂಚು ಗಿಡ್ಡವಾಯಿತೆಂದು ಮರುಗುತ್ತಿರುತ್ತಾನೆ. ನಮ್ಮ ಓಣಿಯ ಮಾಸ್ತರರು ಲಗ್ನಪತ್ರಿಕೆ ಕೈಗೆ ಬಂದ ಕೂಡಲೇ ಕೆಂಪು ಪೆನ್ನು ಹುಡುಕುತ್ತಾರೆ. ನಾನು ಹಾವೇರಿಯ ತೂಕ-ಅಳತೆ ಕಚೇರಿಯಲ್ಲಿ ನೌಕರಿ ಮಾಡುವವನು. ಅಂಗಡಿಗಳ ತಕ್ಕಡಿಯನ್ನೂ ತೂಕದ ಕಲ್ಲುಗಳನ್ನೂ ಪರೀಕ್ಷಿಸಿ, ಸರಿಯಿದ್ದರೆ ಸೀಲು ಹೊಡೆಯುವುದು ನನ್ನ ಕೆಲಸ. ಹೀಗಾಗಿ ಬಾಣಂತಿಯನ್ನು ನೋಡಲು ಹೋದಾಗ ಎಲ್ಲರೂ ಕೂಸಿನ ಮೂಗು ಯಾರ ಹಾಗಿದೆ ಎಂದು ಚರ್ಚಿಸುತ್ತಿದ್ದರೆ ನಾನು ಅದನ್ನು ಒಮ್ಮೆ ಎತ್ತಿ ಇಳಿಸಿ "ಎರಡು ಕಿಲೋ ಏಳುನೂರು" ಎಂದುಬಿಡುತ್ತೇನೆ. ನನ್ನ ಹೆಂಡತಿ ಗಿರಿಜಾ ಅಂಥ ಮನೆಗಳಿಗೆ ನನ್ನನ್ನು ಕರೆದೊಯ್ಯುವುದನ್ನು ಬಿಟ್ಟು ಬಹಳ ದಿನವಾಯಿತು.

ಈ ಕೆಲಸ ಕಲಿಸಿದ ಇನ್ನೊಂದು ವಿದ್ಯೆಯೆಂದರೆ ಸಂಶಯ. ಮೋಸ ಮಾಡುವವನು ಯಾವಾಗಲೂ ಎರಡು ಕಲ್ಲು ಇಟ್ಟಿರುತ್ತಾನೆ. ನಮ್ಮಂಥವರು ಬಂದಾಗ ಹೊರಬರುವ ಸೀಲಿನ ಕಲ್ಲು ಒಂದು, ನಾವು ಹೋದ ಮೇಲೆ ಹೊರಬರುವ ಕೊರೆದ ಕಲ್ಲು ಇನ್ನೊಂದು. ಇಷ್ಟು ತಿಳಿದವನಾದರೂ ನಾನು ಹಿಡಿದುಕೊಟ್ಟ ಕಳ್ಳಕಲ್ಲುಗಳು ಬೆರಳೆಣಿಕೆಯಷ್ಟು. ಇದಕ್ಕೆ ನನ್ನ ಮೂಗು ಕಾರಣ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಕಾಲಿಟ್ಟೆನೆಂದರೆ ಸೀನು ಶುರುವಾಗುತ್ತದೆ, ಅದೂ ನಾಲ್ಕು ಅಂಗಡಿ ಆಚೆಗೆ ಕೇಳುವಂಥ ಸೀನು. ನಾನು ತಲುಪುವಷ್ಟರಲ್ಲಿ ಎಲ್ಲ ಕಲ್ಲುಗಳೂ ಸತ್ಯಹರಿಶ್ಚಂದ್ರನ ವಂಶದವಾಗಿ ಕುಳಿತಿರುತ್ತವೆ.

ಇಂಥ ನಾನು ಒಂದು ಕಂಪ್ಯೂಟರ್ ಕೊಂಡೆ. ಮಗಳ ಓದಿಗೆ ಎಂದು ಹೇಳಿ ತಂದು ನಾನೇ ಇಸ್ಪೀಟು ಆಡುತ್ತಿದ್ದೆ ಎಂಬುದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ಜೋಡಿಸಿಕೊಟ್ಟವನು ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಶಿವಾನಂದ. ಕರ್ಜಗಿಯ ಶಾಲೆಯಲ್ಲಿ ನಾವಿಬ್ಬರೂ ಒಂದೇ ಸಾಲಿನಲ್ಲಿ ಕುಳಿತವರು. ಅವನ ಪಾಟಿ ನೋಡಿ ಲೆಕ್ಕ ಬರೆದುಕೊಂಡವನು ನಾನು; ಮುಂದೆ ಅಳತೆಯ ಕಚೇರಿಯಲ್ಲಿ ನೌಕರಿ ಸಿಕ್ಕಿದ್ದೂ ನನಗೇ. ಮೂವತ್ತು ವರ್ಷದ ಗೆಳೆತನ. ತಿಂಗಳಿಗೊಂದು ಭಾನುವಾರ ಅವನು ನಮ್ಮ ಮನೆಗೆ ರೊಟ್ಟಿ ಊಟಕ್ಕೆ ಬರಬೇಕು, ಇಲ್ಲದಿದ್ದರೆ ಗಿರಿಜಾ ನನ್ನ ಮೇಲೆ ಸಿಟ್ಟಾಗುತ್ತಾಳೆ.

ಕಂಪ್ಯೂಟರಿನ ಬಿಲ್ಲಿನಲ್ಲಿ ಪ್ರೊಸೆಸರಿನ ವೇಗ ಎರಡು ಗಿಗಾಹರ್ಟ್ಸ್ ಎಂದು ಬರೆದಿತ್ತು. ಪ್ರೊಸೆಸರ್ ಎಂದರೆ ಯಂತ್ರದ ಮಿದುಳು. ಗಿಗಾಹರ್ಟ್ಸ್ ಎಂದರೆ ಏನೋ ನನಗೆ ಈಗಲೂ ಪೂರ್ತಿ ತಿಳಿದಿಲ್ಲ, ಆದರೆ ಎರಡು ಎಂದರೆ ಎರಡು ಎಂಬುದು ಚೆನ್ನಾಗಿ ತಿಳಿದಿತ್ತು. ತಂದ ಎಂಟು ದಿನಕ್ಕೆ ಕಚೇರಿಯ ಸಹೋದ್ಯೋಗಿಯೊಬ್ಬರು, 'ಮೈ ಕಂಪ್ಯೂಟರ್' ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ನೋಡಿದರೆ ವೇಗ ತಿಳಿಯುತ್ತದೆ ಎಂದು ಹೇಳಿಕೊಟ್ಟರು. ಪ್ರಾಪರ್ಟಿ ಎಂದ ಮೇಲೆ ಅದರ ಪಹಣಿ-ಉತಾರ ನೋಡದೆ ಬಿಡಬಾರದು. ಮನೆಗೆ ಬಂದು ಒತ್ತಿದೆ. ಅಲ್ಲಿ ೧.೦೦ ಎಂದಿತ್ತು.

ಕಿಲೋ ಎಂದು ಕೊಟ್ಟದ್ದು ಅರ್ಧ ಕಿಲೋ! ನನ್ನ ಸೇವೆಯಲ್ಲಿ ಐವತ್ತು ಗ್ರಾಂ ಕಡಿಮೆ ಕಂಡಿದ್ದೇನೆ, ನೂರು ಕಂಡಿದ್ದೇನೆ. ಅರ್ಧಕ್ಕರ್ಧ ಹೊಡೆದವನನ್ನು ಕಂಡಿರಲಿಲ್ಲ. ಕೂಡಲೇ ಶಿವಾನಂದನಿಗೆ ಫೋನು ಹಚ್ಚಿದೆ. ಅವನು ಎಳ್ಳಷ್ಟೂ ಗಾಬರಿಯಾಗದೆ ಹೇಳಿದ:

"ಕೆಲಸ ಇಲ್ಲದಾಗ ಅದು ತಾನ ವೇಗ ಇಳಿಸ್ಕೊಂತೈತಿ. ಕೆಲಸ ಕೊಟ್ರ ಏರತೈತಿ. ಕರೆಂಟೂ ಉಳೀತೈತಿ, ಬಿಸಿನೂ ಆಗೂದಿಲ್ಲ. ಹೊಸಾ ಮಾಲು ಇರೂದ ಹಂಗ."

ನಾನು ನಕ್ಕೆ. ಸಿಕ್ಕಿಬಿದ್ದವರು ಹೇಳುವ ಸಬೂಬುಗಳ ದೊಡ್ಡ ಸಂಗ್ರಹವೇ ನನ್ನಲ್ಲಿದೆ. ತಕ್ಕಡಿಗೆ ಥಂಡಿಯಾಗಿದೆ ಎಂದವರಿದ್ದಾರೆ, ಕಲ್ಲನ್ನು ಇಲಿ ಕಡಿದಿದೆ ಎಂದವರೂ ಇದ್ದಾರೆ. ವಿಶ್ರಾಂತಿ ತೆಗೆದುಕೊಳ್ಳುತ್ತಿದೆ ಎಂದವನು ಇವನೊಬ್ಬನೇ. ನನ್ನ ನಗುವಿನ ಧಾಟಿ ಹಿಡಿಸಲಿಲ್ಲವೋ ಏನೋ, ಮರುದಿನವೇ ಶಿವಾನಂದ ಬೈಕ್ ಹತ್ತಿ ಹಾವೇರಿಗೆ ಬಂದ. ಯಂತ್ರ ಹಚ್ಚಿ, ವೈರಸ್ ಹುಡುಕುವ ಕೆಲಸಕ್ಕೆ ಅದನ್ನು ಹೂಡಿ, ನಾನು ಹೇಳಿದ ಕಡೆಯೇ ಒತ್ತಿ ತೋರಿಸಿದ. ೨.೦೦. ಚಹಾ ಕುಡಿದು, ಗಿರಿಜಾಳ ಶೇಂಗಾ ಚಟ್ನಿಯ ಪೊಟ್ಟಣ ಹಿಡಿದುಕೊಂಡು ಹೋದ. ಬೈಕಿನ ಸದ್ದು ಓಣಿ ದಾಟಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದೆ. ೧.೦೦.

ಓದುಗರೇ, ನೀವಾಗಿದ್ದರೆ ಏನು ತಿಳಿಯುತ್ತಿದ್ದಿರಿ? ಅವನಿದ್ದಾಗ ಎರಡು, ಅವನು ಹೋದ ಮೇಲೆ ಒಂದು. ನನ್ನ ತಲೆಗೆ ಹೊಳೆದದ್ದು ಒಂದೇ ಅರ್ಥ. ಮುಂದಿನ ವಾರ ಅವನು ಇನ್ನೊಮ್ಮೆ ಬಂದ, ಇನ್ನೊಮ್ಮೆ ಎರಡಾಯಿತು, ಇನ್ನೊಮ್ಮೆ ಒಂದಾಯಿತು. ನನ್ನ ರಕ್ತ ಕುದಿಯಿತು. ಶನಿವಾರ ಕಚೇರಿ ಬಿಟ್ಟವನೇ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಹರಿತ ಮಾಡಿಕೊಳ್ಳುತ್ತಾ ಹೋದೆ. ಶಿವಾನಂದನ ಅಂಗಡಿಯಲ್ಲಿ ಬೀಜದ ವ್ಯಾಪಾರಿಯೊಬ್ಬರು ಕುಳಿತಿದ್ದರು. ಪೇಟೆಯಲ್ಲಿ ದೊಡ್ಡ ಹೆಸರು, ತಮ್ಮ ಅಂಗಡಿಗಳಿಗೆಂದು ನಾಲ್ಕು ಕಂಪ್ಯೂಟರ್ ಕೊಳ್ಳಲು ಬಂದವರು. ಅವರೆದುರು ನಾನು ಬಾಗಿಲಲ್ಲೇ ನಿಂತು ಅಂದೆ: "ಶಿವ್ಯಾ, ನೀ ಎರಡು ಕಲ್ಲು ಇಟ್ಟೀದಿ."

ವ್ಯಾಪಾರಸ್ಥನಿಗೆ ಇದಕ್ಕಿಂತ ದೊಡ್ಡ ಬೈಗುಳ ನಮ್ಮ ಕಡೆ ಇಲ್ಲ. ತಾಯಿ ತಂದೆಯ ಮೇಲೆ ಬೈದರೆ ತಿರುಗಿ ಬೈದು ಮರೆಯುತ್ತಾರೆ. ಎರಡು ಕಲ್ಲಿನವ ಎಂದರೆ ಮರೆಯುವುದಿಲ್ಲ. ಬೀಜದ ಸಾವ್ಕಾರರು ಹೆಗಲ ಮೇಲಿನ ಟವೆಲ್ಲು ಸರಿಪಡಿಸಿಕೊಂಡು, ನಾಳೆ ಬರುತ್ತೇನೆಂದು ಎದ್ದು ಹೋದರು. ಶಿವಾನಂದ ಸಿಟ್ಟು ಮಾಡಲಿಲ್ಲ. ಅವನ ಮುಖ ಮಾತ್ರ ಸಣ್ಣದಾಯಿತು. "ಯಂತ್ರ ತಂದಿಡು, ರೊಕ್ಕ ಒಯ್ಯಿ. ಈ ಅಂಗಡಿ ಮೆಟ್ಟಲಾ ಹತ್ತಬ್ಯಾಡ," ಎಂದಷ್ಟೇ ಹೇಳಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. ಬರುವಾಗ ಬಸ್ಸಿನಲ್ಲಿ ನಾನು ಗೆದ್ದೆನೆಂದು ನನಗೆ ನಾನೇ ಹೇಳಿಕೊಂಡೆ. ಆ ತಿಂಗಳ ಭಾನುವಾರ ಅವನು ಊಟಕ್ಕೆ ಬರಲಿಲ್ಲ. ಗಿರಿಜಾ ಅವನಿಗೆಂದು ಬಡಿದಿಟ್ಟ ರೊಟ್ಟಿಗಳನ್ನು ಮೂರು ದಿನ ನನಗೇ ಬಡಿಸಿದಳು.

ಯಂತ್ರವನ್ನು ಹಿಂದಿರುಗಿಸಲು ಪೆಟ್ಟಿಗೆ ಕಟ್ಟಬೇಕೆಂದಿದ್ದ ವಾರವೇ ನನಗೆ ಬ್ಯಾಡಗಿಯಲ್ಲಿ ಕೆಲಸ ಬಿತ್ತು. ಪದ್ಧತಿಯಂತೆ ಸೀನುತ್ತಾ ಹೋದೆ. ಪೇಟೆಯಲ್ಲಿ ಮೆಣಸಿನಕಾಯಿ ಚೀಲಗಳ ನೆರಳಿಗೆ ಹಮಾಲರು ಕಾಲು ಚಾಚಿ ಮಲಗಿದ್ದರು. ಪರಿಚಯದ ಹಮಾಲ ಹನುಮಂತಪ್ಪನೂ ಅಲ್ಲಿದ್ದ. ಮೈಯಲ್ಲಿ ಸಿಟ್ಟಿತ್ತಲ್ಲ, ಅದನ್ನು ಅವನ ಮೇಲೆ ಇಳಿಸಿದೆ; ಎರಡು ಆಳಿನ ಶಕ್ತಿಯವನು ಎಂದು ಹೆಸರು ಪಡೆದು ಹೀಗೆ ಬಿದ್ದುಕೊಂಡಿದ್ದೀಯಲ್ಲ ಎಂದೆ. ಅವನು ತಲೆಗೆ ಕಟ್ಟಿದ ಬಟ್ಟೆಯನ್ನೂ ಸರಿಸದೆ ಹೇಳಿದ:

"ಬರೇ ಕೈಲೆ ಯಾಕ ಓಡೂಣ್ರಿ ಸಾಹೇಬ್ರ? ಬೆನ್ನ ಮ್ಯಾಲ ಚೀಲಾ ಬರ್ಲಿ, ಆಮ್ಯಾಲ ನೋಡ್ರಿ."

ಅಷ್ಟರಲ್ಲಿ ಲಾರಿ ಬಂತು. ಹನುಮಂತಪ್ಪ ಎದ್ದ. ಬೆನ್ನಿಗೆ ಚೀಲ ಬಿದ್ದದ್ದೇ ತಡ, ಆಗ ಮಲಗಿದ್ದವನು ಇವನೇನಾ ಅನ್ನುವಂತೆ ಓಡತೊಡಗಿದ. ನಾನು ಸೀನುವುದನ್ನೂ ಮರೆತು ನಿಂತೆ. ಶಿವಾನಂದ ಫೋನಿನಲ್ಲಿ ಹೇಳಿದ್ದು ಇದನ್ನೇ. ಹಮಾಲ ಹೇಳಿದರೆ ತಿಳಿಯುವುದು ಗೆಳೆಯ ಹೇಳಿದಾಗ ಯಾಕೆ ತಿಳಿಯಲಿಲ್ಲವೋ ನನಗೆ ಗೊತ್ತಿಲ್ಲ.

ಮನೆಗೆ ಬಂದವನೇ ಚಪ್ಪಲಿ ಕಳಚದೆ ಯಂತ್ರದ ಮುಂದೆ ಕುಳಿತೆ. ಸುಮ್ಮನಿದ್ದಾಗ ಒತ್ತಿದೆ: ಒಂದು. ಆಮೇಲೆ ವೈರಸ್ ಹುಡುಕಲು ಹಚ್ಚಿದೆ, ನಾದಿನಿಯ ಮದುವೆಯ ಸಿಡಿ ಹಾಕಿದೆ, ಮಗಳ ಕಾರು ಓಡಿಸುವ ಆಟವನ್ನೂ ತೆರೆದೆ. ಒಳಗಿನ ಫ್ಯಾನು ಗುಂಯ್ ಎಂದು ಸದ್ದೇರಿಸಿತು. ಒತ್ತಿದೆ: ಎರಡು. ಎಲ್ಲ ಮುಚ್ಚಿ, ಕೊಂಚ ತಡೆದು ಒತ್ತಿದೆ: ಒಂದು. ಹೀಗೆ ಹನ್ನೊಂದು ಸಲ ಮಾಡಿದೆ. ಹಿಂದೆ ಎರಡು ಸಲ ಶಿವಾನಂದ ಬಂದು ಯಂತ್ರಕ್ಕೆ ಕೆಲಸ ಹಚ್ಚಿದ್ದ, ಅದು ಓಡಿತ್ತು. ಅವನು ಹೋದ ಮೇಲೆ ನಾನು ಅದನ್ನು ಸುಮ್ಮನೆ ಕೂರಿಸಿಕೊಂಡು ಅಳೆದಿದ್ದೆ. ತಪ್ಪು ಹುಡುಕಿ ಸಂತೋಷಪಡುವುದೇ ನನ್ನ ನೌಕರಿ. ಈ ಸಲ ಸಿಕ್ಕ ತಪ್ಪು ನನ್ನದೇ, ಮತ್ತು ನನಗೆ ನಾಚಿಕೆಯಾಯಿತು.

ಮರುದಿನ ರಜೆ ಹಾಕಿ ರಾಣೆಬೆನ್ನೂರಿಗೆ ಹೋದೆ. ಹತ್ತಬೇಡ ಎಂದಿದ್ದ ಮೆಟ್ಟಿಲ ಕೆಳಗೇ ನಿಂತು, ಎರಡು ತೋರಿಸಿತು, ತಪ್ಪಾಯಿತು ಎಂದೆ. ಶಿವಾನಂದ ಕೈಯಲ್ಲಿದ್ದ ಸ್ಕ್ರೂ ಬಿಗಿದು ಮುಗಿಸಿದ. ಆಮೇಲೆ ಕೇಳಿದ:

"ಚನ್ನ್ಯಾ, ಊರಾಗಿನ ಎಲ್ಲಾರ ಕಲ್ಲಿಗೂ ನೀ ಸೀಲು ಹೊಡೀತಿ. ನಿನ್ನ ಕಲ್ಲಿಗೆ ಸೀಲು ಹೊಡಿಯಾವ್ರು ಯಾರು?"

ಅಂದು ನಾನು ಆಡಿದ ಮಾತು ತಪ್ಪೆಂದು ಕೇಳಿಸಿಕೊಂಡವರಿಗೇ ಹೇಳಿ ಬಾ ಎಂದು ಶಿವಾನಂದ ಶಿಕ್ಷೆ ಕೊಟ್ಟ. ಬೀಜದ ಸಾವ್ಕಾರರ ಅಂಗಡಿಗೆ ಹೋಗಿ ಹಮಾಲ, ಚೀಲ, ನಾದಿನಿಯ ಮದುವೆ ಎಲ್ಲವನ್ನೂ ವಿವರಿಸಿದೆ. ಅವರು ಗಂಭೀರವಾಗಿ ಕೇಳಿ, ಸಾಹೇಬರು ಹೇಳಿದ ಮೇಲೆ ಮುಗಿಯಿತು ಎಂದರು. ಆ ಸಂಜೆಯೇ ನಾಲ್ಕು ಕಂಪ್ಯೂಟರಿಗೆ ಹೇಳಿಕಳಿಸಿದರು. ನನ್ನ ವಿವರಣೆ ಅಷ್ಟು ಚೆನ್ನಾಗಿತ್ತೆಂದು ಹಿಗ್ಗುತ್ತಾ ಬಂದೆ. ಅವರ ತಕ್ಕಡಿಗೆ ನಾನೇ ಹೊಡೆದಿದ್ದ ಸೀಲಿನ ಅವಧಿ ಆ ತಿಂಗಳೇ ಮುಗಿಯುತ್ತಿತ್ತು ಎಂಬುದು ಬಸ್ಸು ಹತ್ತಿದ ಮೇಲೆ ನೆನಪಾಯಿತು.

ಮುಂದಿನ ಭಾನುವಾರ ಶಿವಾನಂದ ಊಟಕ್ಕೆ ಬಂದ. ನಾನು ಸಂಭ್ರಮದಿಂದ ಅವನನ್ನು ಯಂತ್ರದ ಮುಂದೆ ಕೂರಿಸಿಕೊಂಡು, ಅವನದೇ ಮಾಲಿನ ಗುಣವನ್ನು ಅವನಿಗೇ ವಿವರಿಸುತ್ತಿದ್ದೆ. ಅಡುಗೆಮನೆಯಿಂದ ಗಿರಿಜಾ ಹಿತ್ತಲಿನ ಕರಿಬೇವು ತಂದುಕೊಡಲು ಕೂಗಿದಳು. ಬಂದೆ ಎಂದೆ, ಏಳಲಿಲ್ಲ. ಎರಡನೆಯ ಸಲ ಕೂಗಿದಳು. ಬಂದೆ ಎಂದೆ. ಶಿವಾನಂದ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಕೇಳುವಂತೆ ಅಂದ: "ತಂಗೀ, ಇದು ಒಂದರ ಮ್ಯಾಲ ನಿಂತೈತಿ. ಕೆಲಸಾ ಹಚ್ಚು, ಎರಡಕ್ಕ ಏರತೈತಿ."

"ಇಪ್ಪತ್ತು ವರ್ಷಾತು ಹಚ್ಚಾಕತ್ತಿ, ಅಣ್ಣಾರ," ಎಂದಳು ಗಿರಿಜಾ. "ಇನ್ನೂ ಒಂದಕ್ಕ ಬಂದಿಲ್ಲ."

ನನ್ನ ಕಲ್ಲಿಗೆ ಸೀಲು ಹೊಡೆಯುವವರು ಯಾರೆಂಬುದು ಶಿವಾನಂದನಿಗೂ ತಿಳಿಯಿತು, ನನಗೂ ತಿಳಿಯಿತು. ಎದ್ದು ಹಿತ್ತಲಿಗೆ ಓಡಿದೆ. ಅವಸರದಲ್ಲಿ ಕಿತ್ತು ತಂದದ್ದು ಬೇವಿನ ಸೊಪ್ಪಾಗಿತ್ತು.